ವಜ್ರದ ಗ್ರಹವೂ ಜೂನ್ ತಿಂಗಳ ಖಾಲಿ ಬೆಂಚುಗಳೂ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಮೂವರು ಈಚೆಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ದೂರದ ಆಕಾಶದಲ್ಲಿ ವಜ್ರದಿಂದಲೇ ಆದ ಗ್ರಹವೊಂದಿದೆಯಂತೆ, ಇನ್ನೊಂದು ಗ್ರಹದಲ್ಲಿ ವಜ್ರದ ಮಳೆಯೇ ಸುರಿಯುತ್ತದೆಯಂತೆ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟು ಅರ್ಧ ಶತಮಾನ ಮೀರಿದರೂ ಅದನ್ನು ತರಲು ಇನ್ನೂ ಏಕೆ ಸಾಧ್ಯವಾಗಿಲ್ಲ ಎಂಬುದು ಅವರ ಪ್ರಶ್ನೆ. ಅವರಲ್ಲೊಬ್ಬ ಈಗ ಜೀನ್ಸ್ ಹೊಲಿಗೆಯ ಘಟಕವನ್ನು ನಡೆಸುತ್ತಿದ್ದಾನೆ. ವ್ಯಾಪಾರದಲ್ಲಿರುವವನಾದುದರಿಂದ ಅವನ ಪ್ರಶ್ನೆ ಹೆಚ್ಚು ಖಚಿತವಾಗಿತ್ತು: "ತರೋದಕ್ಕೆ ಎಷ್ಟು ಬೀಳ್ತದ ಸಾರ್?"

ನನಗೆ ಇದು ಹೊಸ ಪ್ರಶ್ನೆಯಲ್ಲ. ಕೌಲ್ ಬಜಾರಿನ ಶಾಲೆಯಲ್ಲಿ ಗಣಿತ ಮತ್ತು ವಿಜ್ಞಾನವನ್ನು ಬೋಧಿಸುತ್ತಿದ್ದಾಗ, 2012ರ ಅಕ್ಟೋಬರಿನಲ್ಲಿ, ಪತ್ರಿಕೆಗಳಲ್ಲೆಲ್ಲ ಆ ವಜ್ರದ ಗ್ರಹದ ಸುದ್ದಿ ಬಂದಿತ್ತು. ಒಂಬತ್ತನೆಯ ತರಗತಿಯ ಮಕ್ಕಳು ಅದನ್ನು ಕತ್ತರಿಸಿ ತಂದಿದ್ದರು. ಆ ದಿನ ನಾನು ಕೊಟ್ಟ ಉತ್ತರ ಪಾಠದ ಅವಧಿಯೊಳಗೆ ಹಿಡಿಸುವಷ್ಟೇ ಇತ್ತು. ಈಗ ಗಂಟೆ ಬಾರಿಸುವವರಿಲ್ಲ, ವಿಸ್ತಾರವಾಗಿಯೇ ಬರೆಯುತ್ತೇನೆ.

ಆಕಾಶಕ್ಕೆ ಹೋಗುವ ಮುನ್ನ ನಮ್ಮ ನೆರೆಯ ನೆಲದಿಂದ ಪ್ರಾರಂಭಿಸುವುದು ಒಳ್ಳೆಯದು. ಗುಂತಕಲ್ಲಿನ ಆಚೆಗಿರುವ ವಜ್ರಕರೂರನ್ನು ನೀವೆಲ್ಲ ಬಲ್ಲಿರಿ. ಹೆಸರಿನಲ್ಲಿಯೇ ವಜ್ರವನ್ನಿಟ್ಟುಕೊಂಡ ಆ ಊರು ಇಂದು ಆಂಧ್ರದ ಅನಂತಪುರ ಜಿಲ್ಲೆಗೆ ಸೇರಿದೆ. ಆದರೆ 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸುವವರೆಗೂ ಅದು ನಮ್ಮದೇ ಜಿಲ್ಲೆಯ ಊರು. ವಿಜಯನಗರದ ಕಾಲದಲ್ಲಿ ಇಲ್ಲಿಗೆ ಬಂದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ವಜ್ರದ ಗಣಿಗಳ ವಿಷಯವನ್ನು ಬರೆದಿದ್ದಾನೆ. ಗಣಿಯನ್ನು ವಹಿಸಿಕೊಂಡ ನಾಯಕನು ಅರಸನಿಗೆ ವರ್ಷವರ್ಷವೂ ಹಣ ಸಲ್ಲಿಸಬೇಕಿತ್ತು. ಅದಲ್ಲದೆ ಗೊತ್ತುಪಡಿಸಿದ ತೂಕವನ್ನು ಮೀರಿದ ಕಲ್ಲುಗಳೆಲ್ಲ ಅರಸನ ಬೊಕ್ಕಸಕ್ಕೇ ಹೋಗಬೇಕಿತ್ತು. ಅಗೆಯುವವನಿಗೆ ಸಣ್ಣ ಕಲ್ಲು, ಆಳುವವನಿಗೆ ದೊಡ್ಡ ಕಲ್ಲು. ಈ ವ್ಯವಸ್ಥೆ ಇಂದಿಗೂ ಬಹಳ ಬದಲಾಗಿಲ್ಲವೆಂದು ನನ್ನ ಅನಿಸಿಕೆ.

ಅಲ್ಲಿಗೆ ಆ ವಜ್ರ ಬಂದದ್ದು ಹೇಗೆ? ವಜ್ರವೆಂದರೆ ನಮ್ಮ ಅಡುಗೆಮನೆಯ ಇದ್ದಿಲಿನಲ್ಲಿರುವ ಇಂಗಾಲವೇ. ಅದು ವಜ್ರವಾಗಬೇಕಾದರೆ ನೆಲದಡಿ ಸುಮಾರು 150 ಕಿ.ಮೀ. ಅಥವಾ ಅದಕ್ಕಿಂತ ಆಳದ ಒತ್ತಡ ಬೇಕು. ಅಷ್ಟು ಆಳದಿಂದ ಅದನ್ನು ಮೇಲಕ್ಕೆ ತಂದದ್ದು ಕಿಂಬರ್ಲೈಟ್ ಎಂಬ ಕರಗಿದ ಶಿಲೆ. ವಜ್ರಕರೂರಿನ ಕಿಂಬರ್ಲೈಟ್ ಸುಮಾರು 110 ಕೋಟಿ ವರ್ಷಗಳ ಹಿಂದೆ ಮೇಲೆದ್ದದ್ದು. ಇಂತಹ ಶಿಲಾರಸವು ಅನಿಲಗಳ ಒತ್ತಡದಿಂದ ಸಿಡಿದು, ಆ ದೂರವನ್ನೆಲ್ಲ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಏರಿ ಬರುತ್ತದೆ ಎಂದು ಭೂವಿಜ್ಞಾನಿಗಳು ಹೇಳುತ್ತಾರೆ. ಈ ಅವಸರ ಅತ್ಯವಶ್ಯ. ಬಿಸಿ ಇಳಿಯದೆ, ಒತ್ತಡ ಮಾತ್ರ ಇಳಿಯುತ್ತಾ ನಿಧಾನವಾಗಿ ಬಂದಿದ್ದರೆ ದಾರಿಯಲ್ಲಿಯೇ ವಜ್ರವು ಗ್ರಾಫೈಟ್ ಆಗಿ, ಪೆನ್ಸಿಲಿನ ಕಡ್ಡಿಗಷ್ಟೇ ಯೋಗ್ಯವಾಗುತ್ತಿತ್ತು. ಆದುದರಿಂದ ನಮ್ಮ ಅಜ್ಜಿಯರ ಮೂಗುತಿಯ ಹರಳನ್ನೂ ಮೊದಲು ಒಂದು ಬಗೆಯ ರಾಕೆಟ್ಟೇ ಮೇಲಕ್ಕೆ ತಂದಿದೆ. ಅದನ್ನು ಹಾರಿಸಿದ್ದು ಪ್ರಕೃತಿ.

ಮನುಷ್ಯನು ತಾನೇ ಅಲ್ಲಿಗೆ ಇಳಿದು ತರಬಲ್ಲನೇ? ರಷ್ಯದ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯಲಾರಂಭಿಸಿದ ರಂಧ್ರ 1989ರಲ್ಲಿ 12,262 ಮೀಟರು ಮುಟ್ಟಿತು. ಅಲ್ಲಿ ಬಿಸಿ ಸುಮಾರು 180 ಡಿಗ್ರಿಗೇರಿ, ಕೊರೆಯುವ ಕೆಲಸವೇ ಅಸಾಧ್ಯವಾಯಿತು. ಅಷ್ಟಾಗಿಯೂ ಆ ರಂಧ್ರದ ಅಗಲ ಊಟದ ತಟ್ಟೆಗಿಂತ ಹೆಚ್ಚಿಲ್ಲ. ನಮ್ಮ ಕಾಲ ಕೆಳಗೆ 150 ಕಿ.ಮೀ., ಎಂದರೆ ಬಳ್ಳಾರಿಯಿಂದ ರಾಯಚೂರಿನಷ್ಟು ದೂರವನ್ನು ನೆಟ್ಟಗೆ ಕೆಳಮುಖವಾಗಿ ಹೋಗಲು ನಮ್ಮಿಂದಾಗಿಲ್ಲ. ದೂರದ ಗ್ರಹದ ವಜ್ರವನ್ನು ಕೊಯ್ದು ತರುವ ಮಾತಾಡುವಾಗ ಇದನ್ನು ನೆನಪಿನಲ್ಲಿಡಬೇಕು.

ಇನ್ನು ಗ್ರಹಗಳ ವಿಚಾರ. ವಜ್ರದ ಮಳೆ ಎಂದು ಹೇಳುವುದು ಯುರೇನಸ್ ಮತ್ತು ನೆಪ್ಚೂನ್‌ಗಳ ಬಗ್ಗೆ. ಅವುಗಳ ಒಳಪದರಗಳಲ್ಲಿರುವ ಮೀಥೇನ್ ಒಡೆದು ಅದರೊಳಗಿನ ಇಂಗಾಲವು ವಜ್ರವಾಗಬಹುದೆಂದು 1981ರಲ್ಲಿ ಮಾರ್ವಿನ್ ರಾಸ್ ಎಂಬ ವಿಜ್ಞಾನಿ ಸೂಚಿಸಿದರು. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಪ್ರಯೋಗಾಲಯವೊಂದರಲ್ಲಿ ಪಾಲಿಸ್ಟೈರೀನಿನ ಮೇಲೆ ಪ್ರಬಲವಾದ ಲೇಸರ್ ಹೊಡೆದು ಅಂತಹ ಒತ್ತಡವನ್ನು ಕ್ಷಣಾರ್ಧಕ್ಕೆ ಸೃಷ್ಟಿಸಿದಾಗ ಅತಿ ಸೂಕ್ಷ್ಮವಾದ ವಜ್ರಕಣಗಳು ಹುಟ್ಟಿದವು. ಪಾಲಿಸ್ಟೈರೀನ್ ಎಂದರೆ ಗಣೇಶನ ಮಂಟಪಕ್ಕೆ ತರುತ್ತೇವಲ್ಲ ಆ ಥರ್ಮಾಕೋಲ್, ಅದೇ ಪ್ಲಾಸ್ಟಿಕ್ಕು. ಹಾಗಾಗಿ ವಜ್ರದ ಮಳೆ ಬರಿಯ ಕಟ್ಟುಕಥೆಯಲ್ಲ. ಆದರೆ ಆ ಮಳೆ ಬೀಳುವುದು ಮೋಡಗಳ ಕೆಳಗೆ ಸಾವಿರಾರು ಕಿ.ಮೀ. ಆಳದಲ್ಲಿ, ನಮ್ಮ ವಾತಾವರಣದ ಒತ್ತಡಕ್ಕಿಂತ ಲಕ್ಷಗಟ್ಟಲೆ ಪಟ್ಟು ಒತ್ತಡದಲ್ಲಿ. ಕಾಲೂರಲು ಅಲ್ಲಿ ನೆಲವೇ ಇಲ್ಲ. ಗುರುಗ್ರಹದೊಳಕ್ಕೆ 1995ರ ಡಿಸೆಂಬರಿನಲ್ಲಿ ಇಳಿಬಿಟ್ಟ ಗೆಲಿಲಿಯೋ ನೌಕೆಯ ಉಪಕರಣವು ಸುಮಾರು ಒಂದು ಗಂಟೆ ಮಾತಾಡಿ ಮೌನವಾಯಿತು. ಆಗ ಅದರ ಸುತ್ತಲಿದ್ದ ಒತ್ತಡ ನಮ್ಮಲ್ಲಿಯದರ ಇಪ್ಪತ್ತು ಚಿಲ್ಲರೆ ಪಟ್ಟು ಮಾತ್ರ. ನೆಪ್ಚೂನಿನ ಬಳಿಗೆ ಇದುವರೆಗೆ ಹೋಗಿರುವುದು ವಾಯೇಜರ್-2 ಒಂದೇ. 1977ರಲ್ಲಿ ಹೊರಟು 1989ರ ಆಗಸ್ಟಿನಲ್ಲಿ ಅದರ ಪಕ್ಕದಲ್ಲಿ ಹಾದುಹೋಯಿತು, ಅಷ್ಟೇ. ಬರಿಗೈಯಲ್ಲಿ ಹೋಗುವುದಕ್ಕೇ ಹನ್ನೆರಡು ವರ್ಷ!

ಮಕ್ಕಳು ಕತ್ತರಿಸಿ ತಂದ ಸುದ್ದಿಯ ಗ್ರಹ ಇದಕ್ಕಿಂತ ಬಹು ದೂರದ್ದು. ಕರ್ಕಾಟಕ ರಾಶಿಯ 55 ಎಂಬ ಸಂಖ್ಯೆಯ ನಕ್ಷತ್ರದ ಸುತ್ತ ತಿರುಗುವ ಗ್ರಹಗಳಲ್ಲೊಂದು ಅದು. ದೂರ ಸುಮಾರು 41 ಜ್ಯೋತಿರ್ವರ್ಷ, ತೂಕ ಭೂಮಿಯ ಎಂಟರಷ್ಟು. ಹದಿನೆಂಟು ಗಂಟೆ ತುಂಬುವುದರೊಳಗೆ ಅದರ ವರ್ಷವೇ ಮುಗಿಯುತ್ತದೆ, ತನ್ನ ಸೂರ್ಯನಿಗೆ ಅಷ್ಟು ಹತ್ತಿರದಲ್ಲಿದೆ. ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಭಾರತೀಯ ಮೂಲದ ವಿಜ್ಞಾನಿ ನಿಕ್ಕು ಮಧುಸೂದನ್ ಮತ್ತು ಅವರ ಸಂಗಡಿಗರು 2012ರಲ್ಲಿ ಲೆಕ್ಕ ಹಾಕಿ, ಅದರಲ್ಲಿ ಇಂಗಾಲ ಹೇರಳವಾಗಿದ್ದರೆ ಮೂರನೆಯ ಒಂದು ಭಾಗದಷ್ಟಾದರೂ ವಜ್ರವಿರಬಹುದು ಎಂದರು. 'ಇದ್ದರೆ' ಮತ್ತು 'ಇರಬಹುದು' ಎಂಬ ಎರಡು ಪದಗಳನ್ನು ಸುದ್ದಿಮನೆಗಳು ಉದುರಿಸಿಬಿಟ್ಟವು. ಮರುವರ್ಷವೇ ಆ ನಕ್ಷತ್ರದ ಬೆಳಕನ್ನು ಮತ್ತೆ ಅಳೆದವರು ಅದರಲ್ಲಿ ಮೊದಲು ಎಣಿಸಿದಷ್ಟು ಇಂಗಾಲವಿಲ್ಲವೆಂದು ಕಂಡರು. 2024ರಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಅಳತೆಗಳು ಅಲ್ಲಿ ಇಂಗಾಲದ ಡೈಆಕ್ಸೈಡ್ ಅಥವಾ ಮಾನಾಕ್ಸೈಡ್ ಇರುವ ವಾತಾವರಣವಿರಬಹುದೆಂದೂ, ಅದರ ಕೆಳಗೆ ಕರಗಿದ ಶಿಲೆಯ ಸಾಗರವಿರಬಹುದೆಂದೂ ಸೂಚಿಸಿದವು. ವಜ್ರವಿದೆಯೋ ಇಲ್ಲವೋ ಎಂಬುದೇ ಇತ್ಯರ್ಥವಾಗದ ಗಣಿ ಇದು.

ಇದೆ ಎಂದೇ ಇಟ್ಟುಕೊಳ್ಳೋಣ. ನಾನು ತರಗತಿಯಲ್ಲಿ ಮಾಡಿಸಿದ ಲೆಕ್ಕ ಹೀಗಿತ್ತು. ಸೂರ್ಯನಿಂದ ಅತಿ ದೂರ ಹೋಗಿರುವ ವಾಯೇಜರ್-1 ನೌಕೆಯ ವೇಗ ಸೆಕೆಂಡಿಗೆ ಸುಮಾರು 17 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಬೆಳಕಿಗೆ 41 ವರ್ಷ ಹಿಡಿಯುವ ದಾರಿಯನ್ನು ವಾಯೇಜರಿನ ವೇಗದಲ್ಲಿ ಸಾಗಿದರೆ ಏಳು ಲಕ್ಷ ವರ್ಷಕ್ಕೂ ಮಿಕ್ಕಿ ಬೇಕು. ಕಪ್ಪುಹಲಗೆಯ ಮೇಲೆ ಉತ್ತರ ಬಂದಾಗ ಹಿಂದಿನ ಬೆಂಚಿನಿಂದ ಒಬ್ಬ "ಒಂದು ಕಡೆಗಾ ಸಾರ್, ಹೋಗಿಬರೋದಕ್ಕಾ?" ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಏಕೆಂದರೆ ನಿಜವಾದ ಕಷ್ಟ ಇರುವುದು ಬರುವುದರಲ್ಲಿಯೇ.

ಭೂಮಿಯ ಸೆಳೆತದಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ 11.2 ಕಿ.ಮೀ. ವೇಗ ಬೇಕೆಂದು ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೀರಿ. ಎಂಟು ಭೂಮಿಗಳ ತೂಕದ, ಭೂಮಿಯ ಎರಡರಷ್ಟು ಅಗಲದ ಆ ಗ್ರಹದಿಂದ ಬಿಡಿಸಿಕೊಳ್ಳಲು ಬೇಕಾದ ವೇಗ ಇದರ ಎರಡರಷ್ಟು. ವೇಗ ಎರಡರಷ್ಟಾದರೆ ಇಂಧನವೂ ಎರಡರಷ್ಟು ಸಾಕೆಂದು ತಿಳಿಯಬೇಡಿರಿ. ಸಿರುಗುಪ್ಪದವರೆಗೆ ಬಿಸಿಲಿನಲ್ಲಿ ನಡೆಯುವವನು ದಾರಿಯ ನೀರನ್ನೆಲ್ಲ ತಾನೇ ಹೊರಬೇಕೆಂದಿಟ್ಟುಕೊಳ್ಳಿ. ಆ ಹೊರೆಯಿಂದ ಅವನಿಗೆ ಹೆಚ್ಚು ಬಾಯಾರುತ್ತದೆ, ಅದಕ್ಕೆ ಇನ್ನಷ್ಟು ನೀರು ಹೊರಬೇಕು. ರಾಕೆಟ್ಟಿನ ಇಂಧನವೂ ಹೀಗೆಯೇ ತನ್ನನ್ನು ತಾನು ಹೊತ್ತುಕೊಂಡು ಏರಬೇಕಾದುದರಿಂದ ಬೇಕಾಗುವ ಪ್ರಮಾಣ ಗುಣಿಸುತ್ತಾ ಹೋಗುತ್ತದೆ. ನಾವು ಬಲ್ಲ ಅತ್ಯುತ್ತಮ ಇಂಧನವನ್ನು ಬಳಸಿದರೂ, ಭೂಮಿಯಿಂದ ಬಿಡಿಸಿಕೊಳ್ಳುವಾಗ ಸರಕಿನ ತೂಕದ ಹನ್ನೊಂದು ಪಟ್ಟು ಇಂಧನ ಸಾಕಾದರೆ, ಅಲ್ಲಿ ನೂರೈವತ್ತು ಪಟ್ಟಿಗೂ ಹೆಚ್ಚು ಬೇಕು. ಅದನ್ನು ಶಿಲೆ ಕರಗುವ ಆ ಬಿಸಿಯಲ್ಲಿ ಎಲ್ಲಿ ನಿಂತು ತುಂಬಿಸುವುದು?

ಈಗ ಜೂನ್ ತಿಂಗಳ ಬೆಂಚುಗಳ ಮಾತಿಗೆ ಬರುತ್ತೇನೆ. ಕರ್ನೂಲು ಜಿಲ್ಲೆಯ ಜೊನ್ನಗಿರಿ, ತುಗ್ಗಲಿ, ಇತ್ತ ವಜ್ರಕರೂರಿನ ಸುತ್ತಲಿನ ಹೊಲಗಳಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದು ಮೇಲ್ಮಣ್ಣು ಕೊಚ್ಚಿಹೋದಾಗ, ಅಡಿಯಲ್ಲಿದ್ದ ಹರಳುಗಳು ಹೊರಕ್ಕೆ ಕಾಣಿಸುತ್ತವೆ. ಪ್ರತಿ ವರ್ಷವೂ ಆ ದಿನಗಳಲ್ಲಿ ಸುತ್ತಮುತ್ತಲಿನ ಜಿಲ್ಲೆಗಳಿಂದ ಜನರು ಬುತ್ತಿ ಕಟ್ಟಿಕೊಂಡು ಹೋಗಿ, ಬೆಳಗಿನಿಂದ ಸಂಜೆಯವರೆಗೆ ಬಗ್ಗಿಕೊಂಡು ನೆಲವನ್ನೇ ನೋಡುತ್ತಾ ನಡೆಯುತ್ತಾರೆ. ಯಾರಿಗೋ ಒಂದು ಕಲ್ಲು ಸಿಕ್ಕಿತೆಂದು ಪತ್ರಿಕೆಯಲ್ಲಿ ಬಂದರೆ ಮರುದಿನ ನೂರಾರು ಜನರು ಹೆಚ್ಚುತ್ತಾರೆ. ಸಿಗದೆ ಮರಳಿದವರ ಸುದ್ದಿ ಪತ್ರಿಕೆಯಲ್ಲಿ ಬರುವುದಿಲ್ಲ. ಅದು ನನಗೆ ಹಾಜರಿ ಪುಸ್ತಕದಲ್ಲಿ ಕಾಣುತ್ತಿತ್ತು.

ಹಿಂದಿನ ಬೆಂಚಿನಿಂದ ಹೋಗಿಬರುವ ದಾರಿಯ ಪ್ರಶ್ನೆ ಕೇಳಿದನಲ್ಲ, ಆ ಹುಡುಗನೇ 2013ರ ಜೂನಿನಲ್ಲಿ ಹತ್ತನೆಯ ತರಗತಿಗೆ ಸೇರಬೇಕಾದವನು ಕಾಣಲಿಲ್ಲ. ಹೆಸರು ಬರೆಯುವುದಿಲ್ಲ, ಇದನ್ನು ಓದುವವರಲ್ಲಿ ಅವನೂ ಇದ್ದಾನೆ, ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತಂದೆತಾಯಿ ಇಬ್ಬರೂ ಜೀನ್ಸ್ ಹೊಲಿಗೆಯ ಕೆಲಸದವರು, ಪೀಸಿಗೆ ಇಷ್ಟೆಂದು ಕೂಲಿ. ವಾರ ಕಳೆದ ಮೇಲೆ ತಾಯಿ ಶಾಲೆಗೆ ಬಂದು, ಮಗನನ್ನು ಕರೆದುಕೊಂಡು ಜೊನ್ನಗಿರಿಯ ಕಡೆಗೆ ಹೋಗುತ್ತಿರುವುದಾಗಿಯೂ, ಮಳೆ ಮುಗಿದ ಮೇಲೆ ಕಳುಹಿಸುವುದಾಗಿಯೂ ಹೇಳಿದರು. ಎಳೆಯ ಕಣ್ಣಿಗೆ ಹರಳು ಬೇಗ ಕಾಣುತ್ತದಂತೆ. ನಾನು ಸಂಜೆ ಅವರ ಮನೆಗೆ ಹೋದೆ.

ತಂದೆಗೆ ಲೆಕ್ಕ ಬರುತ್ತಿತ್ತು. ಅವರ ಎದುರಿಗೇ ಹಾಳೆಯ ಮೇಲೆ ಬರೆದೆವು. ಆರು ವರ್ಷಗಳಿಂದ ಹೋಗುತ್ತಿದ್ದರು, ವರ್ಷಕ್ಕೆ ಇಪ್ಪತ್ತು ದಿನ, ಇಬ್ಬರು. ದಿನಕ್ಕೆ 150 ರೂಪಾಯಿ ಕೂಲಿಯಂತೆ 36,000. ಬಸ್ಸು, ಊಟ, ಮಲಗಲು ತಾಡಪಾಲು ಎಂದು ವರ್ಷಕ್ಕೆ 1,500ರಂತೆ 9,000. ಒಟ್ಟು 45,000. ಆರು ವರ್ಷಗಳಲ್ಲಿ ಸಿಕ್ಕಿದ್ದು ಒಂದೇ ಹರಳು, ಮೆಣಸಿನ ಕಾಳಿಗಿಂತ ಚಿಕ್ಕದು. ಅಲ್ಲಿಯೇ ಕಾದಿದ್ದ ದಲಾಳಿಯೊಬ್ಬ ಅದಕ್ಕೆ ಕೊಟ್ಟದ್ದು 11,000. ನಾನು ಕಳೆಯುವ ಲೆಕ್ಕವನ್ನು ಬರೆದು 34,000 ನಷ್ಟವೆಂದು ತೋರಿಸಿದೆ. ಅವರು ಹಾಳೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಲೆಕ್ಕ ಖರೇ ಐತಿ ಸಾರ್. ಆದ್ರ ನೀವು ನಮ್ಮ ದಿನಕ್ಕ ಕೂಲಿ ಹಾಕೀರಿ. ಆ ದಿನದಾಗ ಇಲ್ಲಿ ಕೂಲಿ ಎಲ್ಲೈತಿ? ಮಳಿಗಾಲ ಬಂತಂದ್ರ ಆರ್ಡರ್ ಇಲ್ಲ, ಮಿಷಿನ್ ಮ್ಯಾಲ ಬಟ್ಟಿ ಹೊಚ್ಚಿ ಕುಂದ್ರಬೇಕು. ಅಲ್ಲಿ ನಡದಾಡಿದ್ರ ಆಸೆನಾದ್ರೂ ಇರ್ತೈತಿ."

ಈ ಮಾತನ್ನು ನಾನು ಇಂದಿಗೂ ಮರೆತಿಲ್ಲ. ವಜ್ರದ ಆಸೆಯನ್ನು ದುರಾಸೆಯೆಂದು ಬೈಯುವವರು ಬಹಳ. ಕೆಲಸವಿಲ್ಲದ ದಿನಕ್ಕೆ ಬೆಲೆ ಕಟ್ಟುವ ಸೂತ್ರ ನಾನು ಬಿ.ಎಡ್. ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ನಾನು ಹೇಳಿದ್ದು ಇಷ್ಟು: "ನಿಮ್ಮ ದಿನಕ್ಕೆ ಕೂಲಿ ಇಲ್ಲ, ಒಪ್ಪಿದೆ. ಈ ಹುಡುಗನ ದಿನಕ್ಕೆ ಇದೆ. ಅವನ ಕೂಲಿ ಈಗ ಬರುವುದಿಲ್ಲ, ಅಷ್ಟೇ." ತಾಯಿ ನಡುವೆ ಬಾಯಿ ಹಾಕಿ, ಅಜ್ಜಿಯ ಬಳಿ ಬಿಟ್ಟು ಹೋಗೋಣವೆಂದರು. ಹುಡುಗ ಮರುದಿನ ಶಾಲೆಗೆ ಬಂದ. ತಂದೆತಾಯಿ ಜೊನ್ನಗಿರಿಗೆ ಹೋದರು, ಆ ವರ್ಷವೂ ಏನೂ ಸಿಗಲಿಲ್ಲ. ಅವನು 2014ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿ, ಡಿಪ್ಲೊಮಾ ಮಾಡಿ, ತೋರಣಗಲ್ಲಿನ ಕಡೆ ಅದಿರಿನ ಮಾದರಿಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ತಂದೆ ಈಗಲೂ ಮೊದಲ ಮಳೆ ಬಿದ್ದೊಡನೆ ಹೊರಡುತ್ತಾರಂತೆ. ಬಸ್ಸಿನ ಖರ್ಚನ್ನು ಮಗನೇ ಕೊಡುತ್ತಾನೆ.

ಹತ್ತು ವರ್ಷಗಳ ಬಳಿಕ ಅದೇ ಬಗೆಯ ಲೆಕ್ಕವನ್ನು ನಾನು ಮತ್ತೊಮ್ಮೆ ಮಾಡಿದೆ, ಈ ಸಲ ಅಮೆರಿಕದ ನಾಸಾ ಸಂಸ್ಥೆಯ ಪರವಾಗಿ. ನನ್ನ ಜೀನ್ಸ್ ವ್ಯಾಪಾರಿ ಶಿಷ್ಯನ ಪ್ರಶ್ನೆಗೆ ಉತ್ತರ ಇಲ್ಲಿದೆ. ಆಕಾಶದಿಂದ ನಾವು ಇದುವರೆಗೆ ನಿಜವಾಗಿ ತಂದಿರುವುದೇನು? ಅಪೋಲೋ ಯಾತ್ರಿಗಳು 1969ರಿಂದ 1972ರವರೆಗೆ ಚಂದ್ರನಿಂದ ತಂದದ್ದು 382 ಕಿಲೋ. ಸೋವಿಯತ್ ಒಕ್ಕೂಟದ ಮೂರು ನೌಕೆಗಳು ತಂದದ್ದು ಸುಮಾರು 300 ಗ್ರಾಂ. ಚೀನಾ 2020ರಲ್ಲಿ 1,731 ಗ್ರಾಂ, 2024ರಲ್ಲಿ ಚಂದ್ರನ ಮರೆಯ ಮಗ್ಗುಲಿನಿಂದ 1,935 ಗ್ರಾಂ ತಂದಿತು. ಜಪಾನಿನ ಹಯಬುಸಾ-2 ಕ್ಷುದ್ರಗ್ರಹವೊಂದಕ್ಕೆ ಹೋಗಿ ಆರು ವರ್ಷಗಳ ಪ್ರಯಾಣದ ಕೊನೆಗೆ, 2020ರ ಡಿಸೆಂಬರಿನಲ್ಲಿ ತಂದುಕೊಟ್ಟದ್ದು 5.4 ಗ್ರಾಂ, ಒಂದು ಚಹಾ ಚಮಚೆಯಷ್ಟು. ನಾಸಾದ ಒಸೈರಿಸ್-ರೆಕ್ಸ್ 2016ರಲ್ಲಿ ಹೊರಟು ಬೆನ್ನು ಎಂಬ ಕ್ಷುದ್ರಗ್ರಹದಿಂದ 2023ರ ಸೆಪ್ಟೆಂಬರ್ 24ರಂದು 121.6 ಗ್ರಾಂ ತಂದಿತು. ಬೇರೊಂದು ಗ್ರಹದಿಂದ? ಇದುವರೆಗೆ ಒಂದು ಸಾಸಿವೆ ಕಾಳಿನಷ್ಟೂ ಇಲ್ಲ.

ಒಸೈರಿಸ್-ರೆಕ್ಸ್‌ನ ವೆಚ್ಚ ಸುಮಾರು 116 ಕೋಟಿ ಡಾಲರ್. ಭಾಗಿಸಿರಿ. ಗ್ರಾಮಿಗೆ 95 ಲಕ್ಷ ಡಾಲರ್ ಬರುತ್ತದೆ. ಒಂದು ಕ್ಯಾರೆಟ್ ಎಂದರೆ ಗ್ರಾಮಿನ ಐದನೆಯ ಒಂದು ಭಾಗ. ಆದುದರಿಂದ ಕ್ಯಾರೆಟ್ಟಿಗೆ 19 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 16 ಕೋಟಿ ರೂಪಾಯಿ. ನಮ್ಮ ಬೆಂಗಳೂರು ರಸ್ತೆಯ ಆಭರಣದಂಗಡಿಯಲ್ಲಿ ಒಂದು ಕ್ಯಾರೆಟ್ಟಿನ ಒಳ್ಳೆಯ ವಜ್ರ ಕೆಲವು ಲಕ್ಷಕ್ಕೆ ದೊರೆಯುತ್ತದೆ. ಬೆನ್ನುವಿನಿಂದ ತಂದದ್ದು ಕಪ್ಪು ಧೂಳು ಮತ್ತು ಹರಳುಕಲ್ಲು. ಅದೆಲ್ಲವೂ ಶುದ್ಧ ವಜ್ರವೇ ಆಗಿದ್ದರೂ ನೂರಕ್ಕೆ ತೊಂಬತ್ತೊಂಬತ್ತು ರೂಪಾಯಿಗೂ ಹೆಚ್ಚು ನಷ್ಟ. ಅಷ್ಟಾಗಿ ಬೆನ್ನು ನಮ್ಮ ನೆರೆಯಲ್ಲೇ ಸುಳಿಯುವ, ಹೇಳಿಕೊಳ್ಳುವಂತಹ ಸೆಳೆತವೇ ಇಲ್ಲದ ಪುಟ್ಟ ಕಲ್ಲುಗುಡ್ಡೆ. ಎದ್ದು ಬರಲು ಇಂಧನವೇ ಬೇಡವೆನ್ನಬೇಕು. ಮನೆಗೆ ತಂದ ಮೇಲೂ ತೊಂದರೆ ತಪ್ಪಲಿಲ್ಲ. ಪೆಟ್ಟಿಗೆಯ 35 ತಿರುಪುಗಳಲ್ಲಿ ಎರಡು ಬಿಚ್ಚಲಾಗದೆ, ಹೊಸ ಸಲಕರಣೆಯನ್ನೇ ತಯಾರಿಸಿ, 2024ರ ಜನವರಿಯಲ್ಲಿ ಅದನ್ನು ಪೂರ್ತಿ ತೆರೆದರು.

ಆ ತಂದೆಯ ಮಾತು ಇಲ್ಲಿಯೂ ಅನ್ವಯಿಸುತ್ತದೆ. ಲೆಕ್ಕದಲ್ಲಿ ಹಾಕದ ಒಂದು ಬಾಬತ್ತು ಇದೆ. ಆ ಧೂಳಿನಲ್ಲಿ, ಜೀವಿಗಳ ಪ್ರೋಟೀನಿಗೆ ಬೇಕಾದ 20 ಅಮೈನೋ ಆಮ್ಲಗಳ ಪೈಕಿ 14 ಇವೆಯೆಂದು 2025ರ ಜನವರಿಯಲ್ಲಿ ಪ್ರಕಟವಾಯಿತು. ಇದನ್ನು ಯಾವ ಆಭರಣದಂಗಡಿಯೂ ಕೊಳ್ಳುವುದಿಲ್ಲ. ತರಬೇಕಾದದ್ದು ಇದೇ ಎಂದು ನನಗನಿಸುತ್ತದೆ. ಮಾರುವುದಕ್ಕೆಂದು ತರುವ ವಸ್ತುವಿಗೆ ಆಕಾಶದ ದಾರಿಯ ಬಾಡಿಗೆಯನ್ನು ತೆರುವ ಶಕ್ತಿಯಿಲ್ಲ; ತಿಳಿಯುವುದಕ್ಕೆಂದು ತರುವ ಚಿಟಿಕೆ ಧೂಳಿಗೆ ಇದೆ. ಅದೂ ಎಲ್ಲ ಸಲವೂ ಅಲ್ಲ. ಮಂಗಳನ ಮೇಲೆ 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ಶಿಲೆಯ ತುಣುಕುಗಳನ್ನು ಕೊಳವೆಗಳಲ್ಲಿ ತುಂಬಿಟ್ಟಿದೆ. ಅವನ್ನು ತರುವ ಯೋಜನೆಯ ಅಂದಾಜು 1,100 ಕೋಟಿ ಡಾಲರಿನವರೆಗೆ ಏರಿದಾಗ, ಇದು ತೀರ ದುಬಾರಿಯೆಂದು 2024ರಲ್ಲಿ ನಾಸಾ ತಾನೇ ಹೇಳಿತು. ಕೊಳವೆಗಳು ಮಂಗಳನ ಮೇಲೆಯೇ ಇವೆ.

ದೂರದ ಉದಾಹರಣೆಗಳು ಬೇಡವೆನ್ನುವವರು ಕೋಲಾರವನ್ನು ನೆನೆಯಬಹುದು. ಅಲ್ಲಿನ ಚಾಂಪಿಯನ್ ರೀಫ್ ಗಣಿ 3 ಕಿ.ಮೀ.ಗೂ ಆಳ ಹೋಗಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಚಿನ್ನ ಪೂರ್ತಿ ಮುಗಿದಿರಲಿಲ್ಲ. ಒಂದು ಗ್ರಾಂ ತೆಗೆಯುವ ಖರ್ಚು ಆ ಗ್ರಾಮಿನ ಬೆಲೆಯನ್ನು ಮೀರಿತ್ತು. ಮೂರು ಕಿ.ಮೀ. ಕೆಳಗಿನ ಚಿನ್ನಕ್ಕೇ ಈ ಗತಿ. ಇತ್ತ ವಜ್ರದ ಬೆಲೆಯೂ ನಿಂತಲ್ಲಿ ನಿಂತಿಲ್ಲ. ಸೂರತ್ತಿನ ಕಾರ್ಖಾನೆಗಳಲ್ಲಿ ಈಗ ಯಂತ್ರಗಳೊಳಗೆ ಕೆಲವೇ ವಾರಗಳಲ್ಲಿ ವಜ್ರವನ್ನು ಬೆಳೆಯುತ್ತಾರೆ, ಗಣಿಯದಕ್ಕಿಂತ ಬಹಳ ಅಗ್ಗ. 'ಕೊಯ್ಲು' ಎಂಬ ಮಾತು ನಿಜವಾಗಿ ಒಪ್ಪುವುದು ಅಲ್ಲಿಗೆ.

ಹಳೆಯ ಕಾಗದಪತ್ರಗಳಲ್ಲಿ ಕೌಲು ಎಂದರೆ ಕರಾರು. ನಮ್ಮ ಬಡಾವಣೆಯ ಹೆಸರು ಹೇಳುವಾಗಲೆಲ್ಲ ನನಗೆ ಆ ಅರ್ಥ ನೆನಪಾಗುತ್ತದೆ. ಆಕಾಶಕ್ಕೂ ಒಂದು ಕೌಲು ಇದೆ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಯಾವ ದೇಶವೂ ಚಂದ್ರನನ್ನಾಗಲಿ ಗ್ರಹಗಳನ್ನಾಗಲಿ ತನ್ನದೆಂದು ಹೇಳುವಂತಿಲ್ಲ. ಭಾರತವೂ ಇದಕ್ಕೆ ಬದ್ಧ. ಆದರೆ 2015ರಲ್ಲಿ ಅಮೆರಿಕವು ತನ್ನ ಪ್ರಜೆಗಳು ಅಲ್ಲಿಂದ ತೆಗೆದ ವಸ್ತು ಅವರದೇ ಆಗುತ್ತದೆಂದು ಕಾನೂನು ಮಾಡಿತು. ಹೊಲ ಯಾರದೂ ಅಲ್ಲ, ಬೆಳೆ ಮಾತ್ರ ಕೊಯ್ದವನದು! 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದುದನ್ನು ಕಂಡ ನಮಗೆ, ಗಡಿಕಲ್ಲುಗಳಿರುವ ನೆಲದಲ್ಲಿಯೇ ಏನೇನಾಗಬಹುದೆಂದು ಗೊತ್ತು. ಗಡಿಕಲ್ಲೇ ಇಲ್ಲದ ಕಡೆ ಏನಾದೀತೆಂದು ನೀವೇ ಊಹಿಸಿರಿ.

ಇಷ್ಟೆಲ್ಲ ಹೇಳಿದ ಮೇಲೂ, ಬೇರೊಂದು ಲೋಕದ ವಜ್ರ ಮನುಷ್ಯನ ಕೈಗೆ ಬಂದದ್ದುಂಟು. 1886ರಲ್ಲಿ ರಷ್ಯದ ನೋವೋ-ಉರೇ ಎಂಬ ಹಳ್ಳಿಯ ಬಳಿ ಬಿದ್ದ ಉಲ್ಕಾಶಿಲೆಯಲ್ಲಿ 1888ರಲ್ಲಿ ಸಣ್ಣ ವಜ್ರಕಣಗಳು ಪತ್ತೆಯಾದವು. ನಮ್ಮ ಅಸ್ಸಾಮಿನ ಗೋಲ್‌ಪಾರಾದಲ್ಲಿ ದೊರೆತ ಉಲ್ಕಾಶಿಲೆಯೂ ಅದೇ ಜಾತಿಯದು. ಇನ್ನೂ ಸೋಜಿಗದ್ದು 2008ರ ಅಕ್ಟೋಬರ್ 7ರ ಘಟನೆ. ಆಕಾಶದಲ್ಲಿರುವಾಗಲೇ ಗುರುತಿಸಲ್ಪಟ್ಟ ಪುಟ್ಟ ಕ್ಷುದ್ರಗ್ರಹವೊಂದು ಮರುದಿನವೇ ಸೂಡಾನಿನ ನೂಬಿಯಾ ಮರುಭೂಮಿಯ ಮೇಲೆ ಸಿಡಿದು ಚದುರಿತು. ಡಿಸೆಂಬರಿನಲ್ಲಿ ಖಾರ್ತೂಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಅಧ್ಯಾಪಕರೂ ಅಲ್ಲಿಗೆ ಹೋಗಿ, ಸಾಲಾಗಿ ನಿಂತು, ನೆಲವನ್ನೇ ನೋಡುತ್ತಾ ಮರಳಿನ ಮೇಲೆ ನಡೆದರು. ಕಪ್ಪು ಕಲ್ಲಿನ ನೂರಾರು ಚೂರುಗಳನ್ನು ಆರಿಸಿದರು. ಅವುಗಳಲ್ಲಿ ವಜ್ರವಿತ್ತು. ಆ ವಜ್ರದೊಳಗೆ ಸಿಕ್ಕಿಕೊಂಡ ಅತಿ ಸೂಕ್ಷ್ಮ ಕಣಗಳನ್ನು ಪರೀಕ್ಷಿಸಿದವರು 2018ರಲ್ಲಿ, ಅದು ಬುಧನಿಂದ ಮಂಗಳನವರೆಗಿನ ಗಾತ್ರದ, ಸೌರವ್ಯೂಹದ ಬಾಲ್ಯದಲ್ಲಿಯೇ ಒಡೆದುಹೋದ ಗ್ರಹವೊಂದರ ಒಡಲಲ್ಲಿ ಹುಟ್ಟಿರಬೇಕೆಂದು ತೀರ್ಮಾನಿಸಿದರು. ಈಗ ಇಲ್ಲವೇ ಇಲ್ಲದ ಗ್ರಹದ ವಜ್ರ!

ಅದನ್ನು ಓದಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ಜೊನ್ನಗಿರಿಯ ಹೊಲಗಳು. ಭೂಮಿಯ ಆಳದಿಂದಾಗಲಿ ಆಕಾಶದಿಂದಾಗಲಿ ಹರಳನ್ನು ಹೊತ್ತು ತರುವ ಕಠಿಣ ಕೆಲಸವನ್ನು ಇದುವರೆಗೆ ಪ್ರಕೃತಿಯೇ ಮಾಡಿದೆ. ಮನುಷ್ಯನ ಪಾಲಿಗೆ ಬಂದಿರುವುದು ಸಾಲಾಗಿ, ನಿಧಾನವಾಗಿ, ಬಗ್ಗಿ ನಡೆಯುವುದು. ಖಾರ್ತೂಮಿನ ವಿದ್ಯಾರ್ಥಿಗಳಿಗೆ ಆ ನಡಿಗೆಯೇ ಪಾಠವಾಗಿತ್ತು ಎಂಬುದಷ್ಟೇ ವ್ಯತ್ಯಾಸ.

ನಮ್ಮ ದೇಶವೂ ತರುವ ಕೆಲಸಕ್ಕೆ ಕೈಹಾಕಿದೆ. ಚಂದ್ರನ ಮಣ್ಣನ್ನು ತರುವ ಚಂದ್ರಯಾನ-4ಕ್ಕೆ ಕೇಂದ್ರ ಸಚಿವ ಸಂಪುಟವು 2024ರ ಸೆಪ್ಟೆಂಬರಿನಲ್ಲಿ 2,104 ಕೋಟಿ ರೂಪಾಯಿಗಳ ಮಂಜೂರಾತಿ ನೀಡಿತು. ಬೆಂಗಳೂರಿಗೆ ಹೋಗುವ ದಾರಿಯ ಚಳ್ಳಕೆರೆಯ ಬಳಿ, ಉಳ್ಳಾರ್ತಿ ಕಾವಲಿನಲ್ಲಿ, ಹಿಂದಿನ ಚಂದ್ರಯಾನಗಳ ತಯಾರಿಗಾಗಿ ಚಂದ್ರನ ಕುಳಿಗಳಂತಹ ಕುಳಿಗಳನ್ನು ತೋಡಿದ್ದರು. ಅತ್ತ ಹೋಗುವಾಗ ಮೊಮ್ಮಕ್ಕಳಿಗೆ ಹೇಳಿರಿ.

ಆ ವಜ್ರದ ಗ್ರಹ ಇರುವ ಕಡೆಯನ್ನಾದರೂ ನೋಡಬೇಕೆನ್ನುವವರಿಗೆ ಒಂದು ಸೂಚನೆ. ಮಾರ್ಚ್ ತಿಂಗಳ ಮೊದಲ ವಾರ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಕರ್ಕಾಟಕ ರಾಶಿ ನಮ್ಮ ನೆತ್ತಿಯ ಸಮೀಪಕ್ಕೆ ಬಂದಿರುತ್ತದೆ. ಮೊದಲು ಪುಷ್ಯ ನಕ್ಷತ್ರವನ್ನು ಹುಡುಕಿರಿ. ಅಲ್ಲಿಂದ ಉತ್ತರಕ್ಕೆ, ಚಾಚಿದ ಕೈಯ ಮುಷ್ಟಿಯಷ್ಟು ದೂರದಲ್ಲಿ ಮಸುಕಾದ ಒಂದು ನಕ್ಷತ್ರವಿದೆ. ಅದರಿಂದ ಬೆರಳಗಲದಷ್ಟು ಪೂರ್ವಕ್ಕೆ, ಇನ್ನೂ ಮಸುಕಾಗಿರುವುದೇ ನಮ್ಮ 55. ಗ್ರಹವಂತೂ ಕಾಣದು, ನಕ್ಷತ್ರಕ್ಕೂ ಬೈನಾಕ್ಯುಲರ್ ಬೇಕು. ಕೌಲ್ ಬಜಾರಿನ ಮಾಳಿಗೆಯ ಮೇಲಿಂದ ಆಗದು, ದೀಪಗಳು ಹೆಚ್ಚು. ಅಮಾವಾಸ್ಯೆಯ ಆಸುಪಾಸಿನ ದಿನ ಸಂಗನಕಲ್ಲಿನ ಕಡೆಗೆ ಹೋಗಿರಿ. ಬರುವವರು ಮೊದಲೇ ತಿಳಿಸಿದರೆ ನಾನೂ ಜೊತೆಗೆ ಬರುತ್ತೇನೆ. ಬೈನಾಕ್ಯುಲರ್ ನನ್ನ ಬಳಿ ಇದೆ.